ಬಾಡಿಗೆ ಮನೆ ಕಂಪನಿಯ ಯಜಮಾನರಿಗೆ ಸಂಬಳ ಎಷ್ಟು?

(ಸಮ್ಮೇಳನದ ಉದ್ಯಮ ಗೋಷ್ಠಿಯಲ್ಲಿ ಮಾಡಿದ ಆಶಯ ಭಾಷಣದ ಬರಹ ರೂಪ)

ಪಕ್ಕದ ಸಭಾಂಗಣದಲ್ಲಿ ಹಾಸ್ಯ ಕಾರ್ಯಕ್ರಮ ನಡೆಯುತ್ತಿದೆ. ಅದನ್ನು ಬಿಟ್ಟು ತೆರಿಗೆ, ದುರಸ್ತಿ, ಲೆಕ್ಕಪತ್ರದ ಮಾತು ಕೇಳಲು ಬಂದಿದ್ದೀರಿ ಎಂದರೆ ನಿಮ್ಮಲ್ಲಿ ಅರ್ಧ ಜನರ ಹತ್ತಿರ ಆಗಲೇ ಒಂದು ಬಾಡಿಗೆ ಮನೆ ಇದೆ, ಉಳಿದ ಅರ್ಧ ಜನ ಕೊಳ್ಳುವ ಯೋಚನೆಯಲ್ಲಿದ್ದೀರಿ ಅಂತ ಅರ್ಥ.

ಮೊದಲೇ ಒಂದು ಮಾತು. ನಾನು ಲೆಕ್ಕ ಪರಿಶೋಧಕ ಅಲ್ಲ, ವಕೀಲ ಅಲ್ಲ. ಓಹಾಯೋದ ಕೊಲಂಬಸ್ ಹತ್ತಿರ ಇರುವ ಒಬ್ಬ ಸಾಫ್ಟ್‌ವೇರ್ ಕೆಲಸಗಾರ. ನಾನೂ ನನ್ನ ಹೆಂಡತಿಯೂ ಸೇರಿ ಒಂದು ಚಿಕ್ಕ ಎಲ್‌ಎಲ್‌ಸಿ ಮಾಡಿಕೊಂಡು ಮೂರು ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಮೊದಲನೆಯದು 2015ರಲ್ಲಿ, ಮೂರನೆಯದು 2018ರಲ್ಲಿ. ಇಷ್ಟು ವರ್ಷದಲ್ಲಿ ನನ್ನನ್ನು ಜನ ಅತಿ ಹೆಚ್ಚು ಕೇಳಿರುವ ಪ್ರಶ್ನೆ, ಯಾವ ಊರಲ್ಲಿ ಮನೆ ಕೊಳ್ಳಬೇಕು ಅಂತ ಅಲ್ಲ. "ತಿಂಗಳಿಗೆ ಎಷ್ಟು ಕೈಗೆ ಬರುತ್ತೆ?" ಅಂತ. ಅದೇ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರ ಕೊಟ್ಟುಕೊಂಡಿದ್ದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

2018ರ ಡಿಸೆಂಬರ್. ಊರಿಗೆ ಹೊರಟಿದ್ದೆವು. ನಾಲ್ಕು ಟಿಕೆಟ್ಟು, ತಂಗಿಯ ಮನೆಯ ಗೃಹಪ್ರವೇಶಕ್ಕೆ ಉಡುಗೊರೆ, ಬಟ್ಟೆಬರೆ. ಕಂಪನಿಯ ಖಾತೆ ತೆಗೆದು ನೋಡಿದರೆ ಹತ್ತು ಸಾವಿರ ಡಾಲರ್ ಹತ್ತಿರ ಇತ್ತು. ನನ್ನ ಕಂಪನಿ, ನನ್ನ ಹಣ. ಒಂಬತ್ತು ಸಾವಿರ ತೆಗೆದೆ. ತಿಪಟೂರಿನಲ್ಲಿ ಎರಡು ವಾರ ರಾಜನ ಹಾಗೆ ಇದ್ದು ಬಂದೆ.

ಜನವರಿ ಕೊನೆಯ ವಾರ ಮಿಡ್‌ವೆಸ್ಟ್‌ನಲ್ಲಿ ಇದ್ದವರಿಗೆ ನೆನಪಿರುತ್ತದೆ, ಧ್ರುವದ ಚಳಿ ಇಳಿದು ಬಂದು ಊರಿಗೆ ಊರೇ ಹೆಪ್ಪುಗಟ್ಟಿದ ವಾರ ಅದು. ಆ ವಾರವೇ ನಮ್ಮ ಎರಡನೇ ಮನೆಯ ಫರ್ನೇಸ್ ಸತ್ತಿತು. ಮನೆಯಲ್ಲಿ ಬಾಡಿಗೆದಾರರ ಚಿಕ್ಕ ಮಗು. ದುರಸ್ತಿ ಆಗುವುದಿಲ್ಲ, ಹೊಸದೇ ಹಾಕಬೇಕು, 4,800 ಡಾಲರ್ ಅಂದರು. ಅದೇ ತಿಂಗಳ ಮೊದಲ ದಿನಗಳಲ್ಲಿ ಮೊದಲನೇ ಮನೆಯವರು ಖಾಲಿ ಮಾಡಿ ಹೋಗಿದ್ದರು. ಅವರ ಮುಂಗಡ 1,500 ಡಾಲರ್ ವಾಪಸು ಕೊಡಬೇಕು. ಓಹಾಯೋ ಕಾನೂನಿನಲ್ಲಿ ಅದಕ್ಕೆ 30 ದಿನದ ಗಡುವು ಇದೆ. ಕಾರಣವಿಲ್ಲದೆ ಹಿಡಿದುಕೊಂಡರೆ ಹಿಡಿದ ಹಣದ ಜೊತೆಗೆ ಅಷ್ಟೇ ಮೊತ್ತದ ದಂಡ, ಮೇಲೆ ಅವರ ವಕೀಲರ ಫೀಸು. ನಮ್ಮ ಖಾತೆಯಲ್ಲಿ ಉಳಿದಿದ್ದದ್ದು ಒಂಬೈನೂರು ಚಿಲ್ಲರೆ. ಫರ್ನೇಸ್ ಕ್ರೆಡಿಟ್ ಕಾರ್ಡಿಗೆ ಹೋಯಿತು. ಮುಂಗಡಕ್ಕೆ ಗೆಳೆಯನ ಹತ್ತಿರ ಕೈಗಡ ತಂದು, ಇಪ್ಪತ್ತೊಂಬತ್ತನೇ ದಿನ ಚೆಕ್ಕು ಕಳಿಸಿದೆ.

ಆವತ್ತು ನನಗೆ ನೆನಪಾದದ್ದು ನಮ್ಮಪ್ಪ. ತಿಪಟೂರಿನಲ್ಲಿ ಅಪ್ಪನದು ಕಿರಾಣಿ ಅಂಗಡಿ. ಸಂಜೆ ಗಲ್ಲಾಪೆಟ್ಟಿಗೆ ತುಂಬಿರುತ್ತಿತ್ತು. ನಾನು ಐದು ರೂಪಾಯಿ ಕೇಳಿದರೆ ಕೊಡುತ್ತಿದ್ದರು, ಆದರೆ ಕೊಡುವ ಮೊದಲು ಪುಸ್ತಕ ತೆಗೆದು "ಮನೆ ಖರ್ಚು, 5" ಅಂತ ಬರೆಯುತ್ತಿದ್ದರು. "ನಮ್ಮ ಅಂಗಡಿನೇ ಅಲ್ವಾ ಅಪ್ಪ" ಅಂದರೆ, "ಅಂಗಡಿ ನಮ್ದು ಮಗ, ಗಲ್ಲಾದಲ್ಲಿರೋ ದುಡ್ಡೆಲ್ಲ ನಮ್ದಲ್ಲ. ಅದ್ರಲ್ಲಿ ಸಕ್ಕರೆಯವನದ್ದು ಐತೆ, ಎಣ್ಣೆಯವನದ್ದು ಐತೆ" ಅನ್ನುತ್ತಿದ್ದರು. ಎಂಜಿನಿಯರಿಂಗ್ ಓದಿ, ಸಮುದ್ರ ದಾಟಿ, ಮೂರು ಮನೆ ಕೊಂಡ ಮಗನಿಗೆ ಎಸ್ಸೆಸ್ಸೆಲ್ಸಿ ಮುಗಿಸದ ಅಪ್ಪನ ಈ ಪಾಠ ತಲೆಗೆ ಹೋಗಲು ಒಂದು ಫರ್ನೇಸ್ ಸಾಯಬೇಕಾಯಿತು.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಒಂದು ಮನೆಯ ವರ್ಷದ ಲೆಕ್ಕವನ್ನು ದುಂಡು ಅಂಕಿಯಲ್ಲಿ ಹೇಳುತ್ತೇನೆ. ಬಾಡಿಗೆ ತಿಂಗಳಿಗೆ 1,800. ಸಾಲದ ಕಂತು ತಿಂಗಳಿಗೆ 750. ಎರಡನ್ನೂ ಕಳೆದರೆ 1,050. ಪಾಟ್‌ಲಕ್ ಊಟಗಳಲ್ಲಿ ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಅಂಕಿ ಇದು. ನಾನು 2018ರಲ್ಲಿ ನಂಬಿದ್ದದ್ದೂ ಇದೇ ಲೆಕ್ಕವನ್ನು.

ಈಗ ಅಪ್ಪನ ಪುಸ್ತಕದ ಹಾಗೆ ಬರೆಯೋಣ. ವರ್ಷದ ಬಾಡಿಗೆ 21,600. ಮನೆ ಖಾಲಿ ಬೀಳುವ ದಿನಗಳಿಗೆ ಶೇಕಡ 5, ಅಂದರೆ 1,080 ಬಿಡಿ. ಆಸ್ತಿ ತೆರಿಗೆ 3,600. ನಮ್ಮ ಕಡೆ ಅದು ವರ್ಷಕ್ಕೆ ಎರಡು ಸಲ ಬರುತ್ತದೆ, ಬರದ ತಿಂಗಳಲ್ಲಿ ಇಲ್ಲ ಅಂತ ಅನ್ನಿಸುತ್ತದೆ. ವಿಮೆ 1,500. ಸಣ್ಣಪುಟ್ಟ ದುರಸ್ತಿ 1,800. ಲೆಕ್ಕ ಪರಿಶೋಧಕರ ಫೀಸು, ಇತರೆ ಸೇರಿ 660. ಸಾಲದ ಕಂತು 9,000. ಕೊನೆಗೆ ಫರ್ನೇಸ್, ಚಾವಣಿ, ನೀರಿನ ಹೀಟರು ಇವೆಲ್ಲ ಒಂದು ದಿನ ಸಾಯುವ ಸಾಮಾನುಗಳು. ಅವಕ್ಕೆ ಬಾಡಿಗೆಯ ಶೇಕಡ 10, ಅಂದರೆ 2,160 ಎತ್ತಿಡಬೇಕು. ಒಟ್ಟು 19,800. ಉಳಿದದ್ದು 1,800. ವರ್ಷಕ್ಕೆ, ತಿಂಗಳಿಗಲ್ಲ. ತಿಂಗಳಿಗೆ 150 ಡಾಲರ್.

1,050 ಅಂದುಕೊಂಡವನಿಗೆ 150. ಮೂರು ಮನೆಗೆ 450.

ಇದೇ ಮನೆಯನ್ನು ತೆರಿಗೆ ಇಲಾಖೆ ಬೇರೆ ಕಣ್ಣಿನಿಂದ ನೋಡುತ್ತದೆ. ನಿಮ್ಮ ಕಂತಿನ 9,000ದಲ್ಲಿ ಬಡ್ಡಿ 6,000 ಮಾತ್ರ ಖರ್ಚು. ಅಸಲಿನ 3,000 ಕೈಬಿಟ್ಟು ಹೋದರೂ ಖರ್ಚಲ್ಲ. ನೀವು ಎತ್ತಿಟ್ಟ 2,160 ಕೂಡ, ಅದನ್ನು ನಿಜವಾಗಿ ಖರ್ಚು ಮಾಡುವವರೆಗೆ ಖರ್ಚಲ್ಲ. ಆದರೆ ಕೈಯಿಂದ ಒಂದು ಕಾಸೂ ಹೋಗದ ಸವಕಳಿ ಖರ್ಚಾಗುತ್ತದೆ. ಇಲ್ಲಿ ವಾಸದ ಮನೆಯನ್ನು ಬಾಡಿಗೆಗೆ ಕೊಟ್ಟರೆ ಕಟ್ಟಡದ ಬೆಲೆಯನ್ನು 27.5 ವರ್ಷಕ್ಕೆ ಹಂಚುತ್ತಾರೆ. ನೆಲ ಬಿಟ್ಟು ಕಟ್ಟಡಕ್ಕೆ 1,65,000 ಅಂದುಕೊಂಡರೆ ವರ್ಷಕ್ಕೆ 6,000. ಇದೆಲ್ಲ ಕೂಡಿ ಕಳೆದರೆ ತೆರಿಗೆಗೆ ಬರುವ ಲಾಭ 960 ಮಾತ್ರ. ಮಾರುವ ದಿನ ಈ ಸವಕಳಿಯ ಲೆಕ್ಕ ಚುಕ್ತಾ ಮಾಡಬೇಕು, ಅದರ ಮೇಲೆ ಶೇಕಡ 25ರವರೆಗೆ ತೆರಿಗೆ ಇದೆ. ಅದು ಮಾಫಿ ಅಲ್ಲ, ವಾಯಿದೆ.

ಹಾಗಾಗಿ ಒಂದು ಮನೆಗೆ ಮೂರು ಅಂಕಿಗಳಿವೆ. ಬ್ಯಾಂಕು ತೋರಿಸುವುದು ಒಂದು, ತೆರಿಗೆ ಅರ್ಜಿ ತೋರಿಸುವುದು ಒಂದು, ನೀವು ಧೈರ್ಯವಾಗಿ ತೆಗೆದುಕೊಳ್ಳಬಹುದಾದದ್ದು ಒಂದು. ನಿಮ್ಮ ಸಂಬಳ ನಿರ್ಧಾರವಾಗಬೇಕಾದದ್ದು ಮೂರನೆಯದರಿಂದ.

ಈಗ, ಆ ಹಣವನ್ನು ತೆಗೆದುಕೊಳ್ಳುವುದು ಹೇಗೆ? ಸಂಬಳ ಅಂತಲೋ, ಡ್ರಾ ಅಂತಲೋ? ಇಲ್ಲಿ ಬಹಳ ಜನ ಎಡವುತ್ತಾರೆ.

ಒಬ್ಬರೇ ಯಜಮಾನರಾಗಿರುವ ಎಲ್‌ಎಲ್‌ಸಿಯನ್ನು, ನೀವು ಬೇರೆ ಆಯ್ಕೆ ಮಾಡದಿದ್ದರೆ, ತೆರಿಗೆ ಇಲಾಖೆ ಬೇರೆಯಾಗಿ ನೋಡುವುದೇ ಇಲ್ಲ. ಅದರ ಆದಾಯ ನಿಮ್ಮದೇ ಅರ್ಜಿಯ ಶೆಡ್ಯೂಲ್ ಇಯಲ್ಲಿ ಬರುತ್ತದೆ. ನಿಮಗೆ ನೀವೇ ಸಂಬಳ ಕೊಟ್ಟುಕೊಂಡು ಡಬ್ಲ್ಯೂ-2 ಬರೆಯುವಂತಿಲ್ಲ. ಗಲ್ಲಾದಿಂದ ತೆಗೆದದ್ದು ಡ್ರಾ. ಅದು ಕಂಪನಿಗೆ ಖರ್ಚಲ್ಲ, ನಿಮಗೆ ಹೊಸ ಆದಾಯವೂ ಅಲ್ಲ. ಲಾಭಕ್ಕೆ ತೆರಿಗೆ, ತೆಗೆದದ್ದಕ್ಕಲ್ಲ. ಲಾಭ ಬಂದು ನೀವು ತೆಗೆಯದೆ ಬಿಟ್ಟರೂ ತೆರಿಗೆ ಇದ್ದೇ ಇದೆ. ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಿದ್ದರೆ, ನಮ್ಮ ಓಹಾಯೋದಂಥ ರಾಜ್ಯದಲ್ಲಿ ಅದು ಪಾಲುದಾರಿಕೆ. 1065 ಎಂಬ ಅರ್ಜಿ ಮಾರ್ಚ್ 15ರೊಳಗೆ ಹೋಗಬೇಕು. ತಡವಾದರೆ ತಿಂಗಳಿಗೆ ಇಷ್ಟು ಅಂತ ಒಬ್ಬೊಬ್ಬ ಪಾಲುದಾರರ ಲೆಕ್ಕದಲ್ಲಿ ದಂಡ ಬೀಳುತ್ತದೆ, ಲಾಭ ಇಲ್ಲದಿದ್ದರೂ. ಟೆಕ್ಸಾಸ್, ಕ್ಯಾಲಿಫೋರ್ನಿಯಾದಂಥ ಸಮುದಾಯ ಆಸ್ತಿಯ ರಾಜ್ಯಗಳಲ್ಲಿ ದಂಪತಿಗಳಿಗೆ ಬೇರೆ ದಾರಿ ಇದೆ, ಅಲ್ಲಿಯವರು ವಿಚಾರಿಸಿಕೊಳ್ಳಿ.

ಇನ್ನೊಂದು ಸಲಹೆ ಪ್ರತಿ ಪಾಟ್‌ಲಕ್‌ನಲ್ಲಿ ಸಿಗುತ್ತದೆ: "ಎಸ್ ಕಾರ್ಪೊರೇಷನ್ ಮಾಡಿಬಿಡಿ ಸಾರ್, ತೆರಿಗೆ ಉಳಿಯುತ್ತೆ." ಕನ್ಸಲ್ಟಿಂಗ್ ಮಾಡುವವರಿಗೆ ಇದು ಒಳ್ಳೆಯ ಮಾತಿರಬಹುದು. ಅವರಿಗೆ ಲಾಭದ ಮೇಲೆ ಶೇಕಡ 15.3ರ ಸ್ವಯಂ ಉದ್ಯೋಗ ತೆರಿಗೆ ಇದೆ, ಅದನ್ನು ಕಡಿಮೆ ಮಾಡಲು ಈ ದಾರಿ. ಸಾಮಾನ್ಯವಾದ ಮನೆ ಬಾಡಿಗೆಯ ಆದಾಯಕ್ಕೆ ಆ ತೆರಿಗೆಯೇ ಇಲ್ಲ. ಹೋಟೆಲಿನ ಹಾಗೆ ಅತಿಥಿಗಳ ಸೇವೆ ಮಾಡಿದರೆ ಮಾತು ಬೇರೆ. ಇಲ್ಲದ ಕಾಯಿಲೆಗೆ ಔಷಧಿ ಕುಡಿದ ಹಾಗಾಗುತ್ತದೆ. ಮೇಲಾಗಿ, ಮನೆಯನ್ನು ಎಸ್ ಕಾರ್ಪೊರೇಷನ್ನಿನ ಒಳಗೆ ಹಾಕುವುದು ಸುಲಭ, ಹೊರಗೆ ತೆಗೆಯುವುದು ಕಷ್ಟ. ನಿಮ್ಮ ಹೆಸರಿಗೇ ತೆಗೆದುಕೊಂಡರೂ ಮಾರುಕಟ್ಟೆ ಬೆಲೆಗೆ ಮಾರಿದ ಹಾಗೆ ಲೆಕ್ಕ ಹಾಕಿ, ಏರಿದ ಬೆಲೆಗೆ ತೆರಿಗೆ ಕೇಳುತ್ತಾರೆ.

ಎಚ್-1ಬಿ ವೀಸಾದಲ್ಲಿರುವ ತಮ್ಮ ತಂಗಿಯರಿಗೆ ಒಂದು ಮಾತು. ಮನೆ ಕೊಳ್ಳುವುದು, ಬಾಡಿಗೆ ಪಡೆಯುವುದು ಹೂಡಿಕೆ. ಸ್ವಂತ ಕಂಪನಿಗೆ ದುಡಿಯುವುದು, ಅದರಿಂದ ಸಂಬಳ ಎಣಿಸುವುದು ಉದ್ಯೋಗ. ನಿಮ್ಮ ವೀಸಾ ಇರುವುದು ನಿಮ್ಮನ್ನು ಕರೆತಂದ ಕಂಪನಿಯ ಕೆಲಸಕ್ಕೆ. ವಲಸೆ ವಕೀಲರನ್ನು ಕೇಳದೆ ಈ ಗೆರೆ ದಾಟಬೇಡಿ. ನಾವು ಹಸಿರು ಕಾರ್ಡು ಬರುವವರೆಗೆ ಕಾದೆವು, ಅದು 2014ರಲ್ಲಿ ಬಂತು.

ಇಷ್ಟರವರೆಗೆ ಹೇಳಿದ್ದು ಪುಸ್ತಕಗಳಲ್ಲೂ ಸಿಗುತ್ತದೆ. ಮುಂದಿನದು ಸಿಗಲಾರದು. ಅದನ್ನು ಹೇಳಲೆಂದೇ ನಾನು ಈ ಆಹ್ವಾನ ಒಪ್ಪಿಕೊಂಡದ್ದು.

2019ರ ಆ ಪಾಠದ ನಂತರ ಲೆಕ್ಕವನ್ನು ನನ್ನ ಹೆಂಡತಿ ಕೈಗೆ ತೆಗೆದುಕೊಂಡಳು. ಬಾಡಿಗೆದಾರರ ಫೋನು ಮೊದಲೇ ಅವಳಿಗೆ ಬರುತ್ತಿತ್ತು. 2020ರಲ್ಲಿ ಮಕ್ಕಳ ಶಾಲೆ ಮನೆಗೇ ಬಂದಾಗ ಅವಳು ಕೆಲಸ ಬಿಟ್ಟಳು. ಆಮೇಲೆ ಪ್ಲಂಬರನ್ನು ಕರೆಸುವುದು, ಮನೆ ತೋರಿಸುವುದು, ಬಣ್ಣ ಹೊಡೆಸುವುದು, ರಾತ್ರಿ ಹನ್ನೆರಡಕ್ಕೆ ಸೋರುವ ಪೈಪಿನ ಸುದ್ದಿ ಕೇಳುವುದು ಎಲ್ಲ ಅವಳದೇ. ನಾನು ಸ್ನೇಹಿತರ ಮುಂದೆ "ನಮ್ಮ ಪ್ಯಾಸಿವ್ ಇನ್ಕಮ್" ಅನ್ನುತ್ತಿದ್ದೆ.

2024ರ ಒಂದು ಭಾನುವಾರ. ಅಡುಗೆಮನೆ ಮೇಜಿನ ಮೇಲೆ ನಾನು ಈಗ ಹೇಳಿದ ಲೆಕ್ಕವನ್ನೇ ಹರಡಿಕೊಂಡಿದ್ದೆವು. ನಾನು ಖುಷಿಯಿಂದ, "ನೋಡು, ಎಲ್ಲ ಖರ್ಚು ಕಳೆದು, ಎತ್ತಿಡೋದು ಎತ್ತಿಟ್ಟು, ತಿಂಗಳಿಗೆ 450 ಲಾಭ" ಅಂದೆ. ಅವಳು ಕಾಫಿ ಲೋಟ ಕೆಳಗಿಟ್ಟು ಕೇಳಿದಳು: "ರೀ, ಎಲ್ಲ ಖರ್ಚು ಅಂದ್ರಲ್ಲ, ಅದ್ರಲ್ಲಿ ನನ್ನದು ಎಲ್ಲಿದೆ?"

ನನಗೆ ಅರ್ಥವಾಗಲಿಲ್ಲ. "ಇದೆಲ್ಲ ನಮ್ಮಿಬ್ಬರದೇ ಅಲ್ವಾ" ಅಂದೆ. ಅವಳು ಸುಮ್ಮನೆ ಇನ್ನೊಂದು ಸಾಲು ಬರೆದಳು. ಈ ಕೆಲಸಕ್ಕೆ ಹೊರಗಿನ ಮ್ಯಾನೇಜ್‌ಮೆಂಟ್ ಕಂಪನಿಯನ್ನು ಇಟ್ಟರೆ ಸಾಮಾನ್ಯವಾಗಿ ಬಾಡಿಗೆಯ ಶೇಕಡ 8ರಿಂದ 10 ಕೇಳುತ್ತಾರೆ. ಮೂರು ಮನೆಯ ಬಾಡಿಗೆ 5,400. ಶೇಕಡ 10 ಅಂದರೆ 540.

ಉಳಿಯುತ್ತಿದ್ದದ್ದು 450. ಹೊರಗಿನವರಿಗೆ ಕೊಡಬೇಕಾದದ್ದು 540. ಅಂದರೆ ನಾನು ಐದಾರು ವರ್ಷ ಲಾಭ ಅಂತ ಹೇಳಿಕೊಂಡು ತಿರುಗಿದ್ದು ಲಾಭವೇ ಅಲ್ಲ. ಅದು ಅವಳ ಕೂಲಿ. ಅದೂ ಪೂರ್ತಿ ಕೂಲಿ ಅಲ್ಲ. ಮನೆಗಳು ನಿಜವಾಗಿ ದುಡಿದದ್ದು ಸಾಲ ತೀರಿದ ಅಸಲಿನಷ್ಟು, ಜೊತೆಗೆ ಬೆಲೆ ಏರಿದ್ದರೆ ಅಷ್ಟು.

ನೀವು ಮೂರನೇ ಮನೆ, ನಾಲ್ಕನೇ ಮನೆ ಅಂತ ಯೋಚಿಸುವಾಗ ಈ ಸಾಲನ್ನು ಬರೆದುಕೊಳ್ಳಿ. ಕೆಲಸ ನೀವೇ ಮಾಡಿದರೂ ಬರೆಯಿರಿ. ಬರೆದ ಮೇಲೂ ಏನಾದರೂ ಉಳಿದರೆ ಮಾತ್ರ ಅದು ಯಜಮಾನನ ಪಾಲು. ಉಳಿಯದಿದ್ದರೆ ನೀವು ಕೊಂಡಿರುವುದು ಮನೆಯ ಜೊತೆಗೆ ಒಂದು ನೌಕರಿ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಸೋಷಿಯಲ್ ಸೆಕ್ಯುರಿಟಿಯ ಜಾಲತಾಣದಿಂದ ತನ್ನ ಪಟ್ಟಿ ತೆಗೆದಳು. ಸ್ವಂತ ದುಡಿಮೆಯ ಮೇಲೆ ಪಿಂಚಣಿ ಬರಬೇಕಾದರೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚೆಂದರೆ ನಾಲ್ಕು. 2006ರಿಂದ 2014ರವರೆಗೆ ಅವಳು ಎಚ್-4ರಲ್ಲಿದ್ದಳು, ಕೆಲಸ ಮಾಡುವ ಅನುಮತಿ ಇರಲಿಲ್ಲ. ಅಷ್ಟೂ ವರ್ಷ ಸೊನ್ನೆ. ಕೆಲಸ ಮಾಡಿದ ವರ್ಷಗಳಲ್ಲಿ 26. ಆಮೇಲೆ ಮತ್ತೆ ಸೊನ್ನೆ. ಮೂರು ಮನೆ ನಡೆಸಿದ ವರ್ಷಗಳೂ ಆ ಪಟ್ಟಿಯಲ್ಲಿ ಸೊನ್ನೆಯೇ. ಯಾಕೆಂದರೆ ಬಾಡಿಗೆ ಆದಾಯಕ್ಕೆ ಆ 15.3 ಇಲ್ಲ ಅಂತ ನಾವು ಸಂತೋಷಪಡುತ್ತೇವಲ್ಲ, ಅದರ ಇನ್ನೊಂದು ಮುಖ ಇದು. ಆ ತೆರಿಗೆ ಕಟ್ಟದವರಿಗೆ ಕ್ರೆಡಿಟ್ಟೂ ಇಲ್ಲ. ಬಾಡಿಗೆಯನ್ನು ದುಡಿಮೆಯ ಆದಾಯ ಅಂತ ಎಣಿಸುವುದಿಲ್ಲ, ಅದನ್ನು ತೋರಿಸಿ ಐಆರ್‌ಎ ಖಾತೆಗೆ ಹಣ ಹಾಕುವಂತೆಯೂ ಇಲ್ಲ.

ನಮ್ಮ ಲೆಕ್ಕ ಪರಿಶೋಧಕರ ಹತ್ತಿರ ಹೋದೆವು. ಪಾಲುದಾರರಿಗೆ ಡಬ್ಲ್ಯೂ-2 ಸಂಬಳ ಇಲ್ಲ. ಆದರೆ ಪಾಲುದಾರರು ಮಾಡಿದ ಕೆಲಸಕ್ಕೆ, ಲಾಭ ಇರಲಿ ಬಿಡಲಿ, ಇಂತಿಷ್ಟು ಅಂತ ಒಪ್ಪಂದದಲ್ಲಿ ಬರೆದು ಕೊಡಬಹುದು. ಗ್ಯಾರಂಟೀಡ್ ಪೇಮೆಂಟ್ ಅನ್ನುತ್ತಾರೆ. ಅದು ದುಡಿಮೆಯ ಆದಾಯ, ಅದಕ್ಕೆ 15.3 ಬೀಳುತ್ತದೆ. ಮನೆಗಳ ಬಾಡಿಗೆ 1,900ಕ್ಕೆ ಏರಿಸಿ, 2025ರಿಂದ ಅವಳಿಗೆ ತಿಂಗಳಿಗೆ 660 ಡಾಲರ್ ಕೊಡಲು ಶುರು ಮಾಡಿದೆವು. ವರ್ಷಕ್ಕೆ 7,920. ಯಾಕೆ 660? ಆ ವರ್ಷ ಒಂದು ಕ್ರೆಡಿಟ್‌ಗೆ 1,810 ಡಾಲರ್ ದುಡಿಮೆ ಬೇಕಿತ್ತು, ನಾಲ್ಕಕ್ಕೆ 7,240. ಸ್ವಯಂ ಉದ್ಯೋಗದಲ್ಲಿ ಶೇಕಡ 92.35 ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 7,920ರಲ್ಲಿ ಅದು 7,314. ನಾಲ್ಕು ಕ್ರೆಡಿಟ್ ಬಂತು.

ಪ್ರಾಮಾಣಿಕವಾಗಿ ಇದರ ನಷ್ಟವನ್ನೂ ಹೇಳಬೇಕು. ಸುಮ್ಮನೆ ಡ್ರಾ ಮಾಡಿಕೊಂಡಿದ್ದರೆ ಕಟ್ಟಬೇಕಿಲ್ಲದ ಸುಮಾರು 1,100 ಡಾಲರ್ ತೆರಿಗೆಯನ್ನು ವರ್ಷಕ್ಕೆ ಕಟ್ಟುತ್ತಿದ್ದೇವೆ. ಅವಳಿಗೆ ಕೊಟ್ಟದ್ದರಿಂದ ಕಾಗದದ ಮೇಲೆ ಬಾಡಿಗೆ ನಷ್ಟ ಬರುತ್ತದೆ. ಬಾಡಿಗೆ ನಷ್ಟವನ್ನು 25,000ದವರೆಗೆ ಸಂಬಳದ ಆದಾಯದಲ್ಲಿ ಕಳೆಯಲು ಬಿಡುತ್ತಾರಾದರೂ, ಆದಾಯ ಒಂದು ಲಕ್ಷ ದಾಟಿದಂತೆ ಆ ಸೌಲಭ್ಯ ಕರಗುತ್ತಾ 1,50,000ಕ್ಕೆ ಪೂರ್ತಿ ಮುಗಿಯುತ್ತದೆ. ಇಲ್ಲಿ ಕೂತ ಬಹಳ ಮನೆಗಳ ಹಾಗೆ ನಮ್ಮದೂ ಅದರ ಆಚೆ. ಹಾಗಾಗಿ ಆ ನಷ್ಟ ಮುಂದಿನ ಬಾಡಿಗೆ ಲಾಭಕ್ಕೋ, ಮನೆ ಮಾರುವ ದಿನಕ್ಕೋ ಕಾದು ಕೂರುತ್ತದೆ. ನನ್ನ ಲೆಕ್ಕದ ಮೇಲೆ ಹೆಂಡತಿಗೆ ಅರ್ಧದಷ್ಟು ಪಿಂಚಣಿ ಹೇಗೂ ಸಿಗಬಹುದು, ಮೆಡಿಕೇರ್ ಕೂಡ. ಇದನ್ನೆಲ್ಲ ಅವಳಿಗೆ ಬಿಡಿಸಿ ಹೇಳಿದೆ. "ಗೊತ್ತು. ಆದ್ರೂ ನನ್ನ ಹೆಸರಲ್ಲಿ ಒಂದು ಸಾಲು ಇರ್ಲಿ" ಅಂದಳು. ಆಗ ಬೇಕಿದ್ದದ್ದು 14 ಕ್ರೆಡಿಟ್, ಮೂರೂವರೆ ವರ್ಷ. ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳುವುದಿಲ್ಲ. ಆದರೆ ಈ ಮಾತುಕತೆಯನ್ನು ನಿಮ್ಮ ಅಡುಗೆಮನೆಯ ಮೇಜಿನ ಮೇಲೆ ಆಡಿ ಅಂತ ಖಂಡಿತ ಹೇಳುತ್ತೇನೆ.

ನಾವು ಈಗ ಪಾಲಿಸುವ ಕಟ್ಟಳೆಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ಒಂದು, ಮೂರು ಖಾತೆ. ಬಾಡಿಗೆ ಬಂದು ಹೋಗುವುದಕ್ಕೆ ಒಂದು, ಬಾಡಿಗೆದಾರರ ಮುಂಗಡಕ್ಕೆ ಒಂದು, ಆಸ್ತಿ ತೆರಿಗೆ ಮತ್ತು ದೊಡ್ಡ ದುರಸ್ತಿಗೆ ಒಂದು. ಮುಂಗಡದ ಹಣ ನಮ್ಮದಲ್ಲ. ಕೆಲವು ರಾಜ್ಯಗಳಲ್ಲಿ ಅದನ್ನು ಬೇರೆ ಇಡುವುದು ಕಾನೂನು, ನಮ್ಮಲ್ಲಿ ಅದು ನಿಯತ್ತು.

ಎರಡು, ಮನೆಯ ದಿನಸಿ ಕಂಪನಿ ಕಾರ್ಡಿನಲ್ಲಿ ಬೇಡ. ಯಾರಾದರೂ ಮೆಟ್ಟಿಲಲ್ಲಿ ಜಾರಿ ಬಿದ್ದು ಕೋರ್ಟಿಗೆ ಹೋದರೆ, ಕಂಪನಿಯೂ ಮನೆಯೂ ಒಂದೇ ಗಲ್ಲಾದಲ್ಲಿ ನಡೆದಿವೆ ಅಂತ ಎದುರು ವಕೀಲರು ತೋರಿಸಿದರೆ, ಎಲ್‌ಎಲ್‌ಸಿಯ ರಕ್ಷಣೆ ಅಲುಗಾಡುತ್ತದೆ.

ಮೂರು, ದುಡಿದವರಿಗೆ ತಿಂಗಳ ಒಂದನೇ ತಾರೀಖು. ಯಜಮಾನರ ಪಾಲು ಮೂರು ತಿಂಗಳಿಗೊಮ್ಮೆ, ಅದೂ ಪ್ರತಿ ಮನೆಗೆ ಮೂರು ತಿಂಗಳ ಪೂರ್ತಿ ಖರ್ಚು ಖಾತೆಯಲ್ಲಿದ್ದರೆ ಮಾತ್ರ. ಕಳೆದ ವರ್ಷ ಎರಡು ಸಲ ಏನೂ ತೆಗೆದುಕೊಳ್ಳಲಿಲ್ಲ. ಬೇಜಾರಾಯಿತು, ಆದರೆ ಜನವರಿಯಲ್ಲಿ ನಿದ್ದೆ ಬಂತು.

ನಾಲ್ಕು, ತೆಗೆದದ್ದನ್ನು ತೆಗೆದ ದಿನವೇ ಬರೆಯುವುದು. ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿ 15ರ ಅಂದಾಜು ತೆರಿಗೆಯನ್ನು ಅದರ ಪಕ್ಕದಲ್ಲೇ ಬರೆಯುವುದು.

ಕೆಲಸ ಹೋದರೆ ಬಾಡಿಗೆಯ ಮೇಲೆ ಬದುಕಬಹುದಾ ಅಂತ ಬೆಳಗ್ಗೆ ಕಾಫಿ ಹೊತ್ತಿನಲ್ಲಿ ಇಬ್ಬರು ಕೇಳಿದರು. ಈಚೆಗೆ ಈ ಪ್ರಶ್ನೆ ಯಾಕೆ ಬರುತ್ತದೆ ಅಂತ ನನಗೂ ಗೊತ್ತು. ಸಾಲ ಇರುವ ಮೂರು ಮನೆಯ ಮೇಲೆ ಬದುಕಲಾಗದು. ಆರೋಗ್ಯ ವಿಮೆಯೇ ಅದನ್ನು ನುಂಗುತ್ತದೆ. ಸಾಲ ತೀರಿದ ಮೂರು ಮನೆಯ ಮಾತು ಬೇರೆ. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರೆ. ನಮ್ಮಲ್ಲಿ ಕುಡಿಕೆಯೇ ಇನ್ನೂ ಬ್ಯಾಂಕಿನದು.

ಊರಲ್ಲಿ ಮನೆ ಬಾಡಿಗೆಗೆ ಕೊಟ್ಟವರೂ ಇಲ್ಲಿದ್ದೀರಿ. ಆ ಬಾಡಿಗೆಯನ್ನು ಇಲ್ಲಿಯ ಅರ್ಜಿಯಲ್ಲೂ ತೋರಿಸಬೇಕು, ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ವಿನಾಯಿತಿ ಕೇಳಬಹುದು. ಅಲ್ಲಿಯ ಖಾತೆಗಳೆಲ್ಲ ಸೇರಿ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ ಸಲ್ಲಿಸಬೇಕು. ಅದರ ಜೊತೆಗೆ, ಆ ಮನೆಗೆ ಬಣ್ಣ ಹೊಡೆಸಿ, ಬಾಡಿಗೆ ವಸೂಲಿ ಮಾಡಿ, ನೀರಿನ ಬಿಲ್ಲು ಕಟ್ಟುವ ತಮ್ಮನೋ ಭಾವನೋ ಇದ್ದಾರಲ್ಲ, ಅವರ ಹೆಸರು ನಿಮ್ಮ ಪುಸ್ತಕದ ಯಾವ ಸಾಲಿನಲ್ಲಿದೆ ನೋಡಿಕೊಳ್ಳಿ.

ಕಳೆದ ಸಲ ಊರಿಗೆ ಹೋದಾಗ ಅಪ್ಪನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ನೋಡಿದೆ. ಎಣ್ಣೆಯವನ ಬಾಕಿ ಇದೆ, ತೂಕ ಮಾಡುವ ಹುಡುಗನ ವಾರದ ಕೂಲಿ ಇದೆ, ನನಗೆ ಕೊಟ್ಟ ಐದು ರೂಪಾಯಿ ಕೂಡ ಇದೆ. ಅಪ್ಪ ಊಟಕ್ಕೆ ಮನೆಗೆ ಹೋದಾಗ ಮೂವತ್ತು ವರ್ಷ ಪ್ರತಿ ಮಧ್ಯಾಹ್ನ ಅಂಗಡಿಯಲ್ಲಿ ಕೂತದ್ದು ಅಮ್ಮ. ಅವಳ ಹೆಸರು ಎಲ್ಲೂ ಇರಲಿಲ್ಲ. ಅಮ್ಮನಿಗೆ ತೋರಿಸಿದೆ. "ನಂಗ್ಯಾಕೋ ಕೂಲಿ" ಅಂತ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಆ ಹಾಳೆಗಳನ್ನು ತಿರುವುತ್ತಾ ಕೂತಿದ್ದಳು.

ಪ್ರಶ್ನೆಗಳಿದ್ದರೆ ನನ್ನನ್ನು ಕೇಳಿ. ಲೆಕ್ಕದ ಪ್ರಶ್ನೆಗಳಾದರೆ ಎರಡನೇ ಸಾಲಿನಲ್ಲಿ ಕೂತಿರುವ ನಮ್ಮ ಕಂಪನಿಯ ಮ್ಯಾನೇಜರನ್ನು ಕೇಳಿ. ಅವರಿಗೆ ಈಗ ಸಂಬಳ ಇದೆ.